ಕಾಫಿ ಕಣದ ಸುತ್ತುಗಳು

ಅಪ್ಪ ದಾರಿಯಲ್ಲಿ ನಿಂತು ಮೆಣಸಿನ ಬಳ್ಳಿ ನೋಡುತ್ತಿದ್ದರೆ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. 38 ವರ್ಷ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು, ಆಗಿದ್ದವರು. ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತು, ಕತ್ತು ಮೇಲೆತ್ತಿ, ಕರೆ, ಅಂದರೆ ಮೆಣಸಿನ ತೆನೆ, ಎಷ್ಟು ಬಿಟ್ಟಿದೆ ಅಂತ ನೋಡುವುದು ಅವರಿಗೆ ಅಭ್ಯಾಸ. ಬಸ್ ಸ್ಟಾಪಿಗೆ ಹೋಗುವಾಗ ಒಂದು ಕಡೆ ನಿಲ್ಲುತ್ತಿದ್ದರು. ಆಮೇಲೆ ಎರಡು ಕಡೆ. ಆಮೇಲೆ ಮೆಣಸಿನ ಬಳ್ಳಿಯೇ ಇಲ್ಲದ ಮರದ ಕೆಳಗೂ ನಿಲ್ಲತೊಡಗಿದರು. ಆಗ ನಾನು ಅವರ ಕೈ ನೋಡಿದೆ. ಮುಖ ಮೇಲೆ ಇತ್ತು, ಎಡಗೈ ಮಾತ್ರ ಪಂಚೆಯ ಮೇಲಿಂದ ಮೀನಖಂಡವನ್ನು ಹಿಸುಕುತ್ತಿತ್ತು.

"ಏನಪ್ಪಾ, ಕಾಲು ನೋವಾ?"

"ಏನಿಲ್ಲ ಮಗಳೇ. ಸ್ವಲ್ಪ ಹಿಡಿದುಕೊಳ್ಳುತ್ತೆ. ನಿಂತರೆ ಸರಿ ಹೋಗುತ್ತೆ."

ನಿಂತರೆ ಸರಿ ಹೋಗುತ್ತೆ. ಈ ಮಾತಿನಲ್ಲೇ ಕಾಯಿಲೆಯ ಹೆಸರು ಇತ್ತು. ಅದು ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ಅಪ್ಪನಿಗೆ ಮಾಡಿದ್ದೆಲ್ಲ ನರದ ಚಿಕಿತ್ಸೆ. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಪದ, ನರ. ಜೋಮು ಹಿಡಿದರೂ ನರ, ಕಾಲಲ್ಲಿ ನೀಲಿಯಾಗಿ ಉಬ್ಬಿದರೂ ನರ, ಕೈಯಲ್ಲಿ ರಕ್ತ ತೆಗೆಯುವುದೂ ನರದಿಂದ. ಆದ್ದರಿಂದ "ನರದ ತೊಂದರೆ" ಅಂದಾಗ ಯಾರಿಗೂ ತಪ್ಪು ಅನ್ನಿಸಲಿಲ್ಲ. ಎಣ್ಣೆ ತಿಕ್ಕಿದೆವು. ನೋವಿನ ಮಾತ್ರೆ ಆಯಿತು. ಯಾರೋ ಉಬ್ಬಿದ ನರಕ್ಕೆ ಹಾಕುವ ಬಿಗಿ ಕಾಲುಚೀಲ ಕೊಟ್ಟರು, ಅದನ್ನೂ ಹಾಕಿಸಿದೆವು. ಕಾಲಿಗೆ ರಕ್ತವೇ ಸರಿಯಾಗಿ ಇಳಿಯದವರಿಗೆ ಅಂಥ ಬಿಗಿ ಚೀಲ ಅಪಾಯ ಅಂತ ಆಮೇಲೆ ತಿಳಿಯಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತೆ.

ಕೊನೆಗೆ ಪತ್ತೆ ಆಗಿದ್ದು ತುಂಬಾ ಸರಳವಾದ ಒಂದು ಪರೀಕ್ಷೆಯಿಂದ. ಮಲಗಿಸಿ ಎರಡು ತೋಳಿನ ಬಿಪಿ ನೋಡುತ್ತಾರೆ, ಹಾಗೇ ಎರಡು ಕಾಲಿನ ಹರಡಿನ ಹತ್ತಿರವೂ ನೋಡುತ್ತಾರೆ. ಕಾಲಿನ ಸಂಖ್ಯೆಯನ್ನು ತೋಳಿನ ಸಂಖ್ಯೆಯಿಂದ ಭಾಗಿಸುತ್ತಾರೆ. ಆರೋಗ್ಯವಂತರಲ್ಲಿ ಅದು 1ರ ಆಸುಪಾಸು, ಅಥವಾ ಸ್ವಲ್ಪ ಮೇಲೆ. 0.90ಕ್ಕಿಂತ ಕಡಿಮೆ ಬಂದರೆ ಕಾಲಿಗೆ ಹೋಗುವ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಡಾಕ್ಟರರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್ ಅಂತಾರೆ. ಅಪ್ಪನ ತೋಳಿನಲ್ಲಿ 144 ಇತ್ತು. ಎಡಗಾಲಲ್ಲಿ 84. ಭಾಗಿಸಿದರೆ 0.58. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಸಂಖ್ಯೆ ಸುಳ್ಳೇ ಜಾಸ್ತಿ ತೋರಿಸುವುದುಂಟು. ಅವರಿಗೆ ಕಾಲ್ಬೆರಳಿನ ಒತ್ತಡ ನೋಡುತ್ತಾರೆ. ಅಪ್ಪನಿಗೆ ಸಕ್ಕರೆ ಇಲ್ಲ. ಇದ್ದದ್ದು ಸಿಗರೇಟು. ಮದುವೆಗೂ ಮುಂಚಿನಿಂದ.

ತೋಟದ ಮಾತಲ್ಲಿ ಹೇಳಿದರೆ ಅಪ್ಪನಿಗೆ ಬೇಗ ಅರ್ಥ ಆಗುತ್ತೆ ಅಂತ ನಾನು ಹೀಗೆ ಹೇಳಿದೆ. ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಪೈಪಿನೊಳಗೆ ಕೆಸರು ಕಟ್ಟಿದ್ದರೆ ಏನಾಗುತ್ತೆ? ಒಂದು ಜೆಟ್ ತೆರೆದರೆ ನೀರು ಹಾರುತ್ತೆ. ಮೂರು ತೆರೆದರೆ ಪ್ರೆಷರ್ ಬಿದ್ದು ಹೋಗುತ್ತೆ. ಕೂತಿರುವಾಗ ಮೀನಖಂಡಕ್ಕೆ ಸ್ವಲ್ಪ ರಕ್ತ ಸಾಕು, ಕಿರಿದಾದ ನಾಳವೂ ಅಷ್ಟನ್ನು ಕೊಡುತ್ತೆ. ನಡೆಯತೊಡಗಿದರೆ ಆ ಸ್ನಾಯು ಹಲವು ಪಟ್ಟು ಕೇಳುತ್ತೆ. ಸಿಗುವುದಿಲ್ಲ. ಆಗ ಹಿಡಿದುಕೊಳ್ಳುತ್ತೆ. ನಿಂತರೆ ಎರಡು ಮೂರು ನಿಮಿಷದಲ್ಲಿ ಸಾಲ ತೀರಿ ನೋವು ಹೋಗುತ್ತೆ. ಜರ್ಮನ್ನರು ಇದನ್ನು ಅಂಗಡಿ ಕಿಟಕಿಯ ಕಾಯಿಲೆ ಅಂತಾರಂತೆ. ನೋವು ಬಂದವರು ಅಂಗಡಿಯ ಗಾಜಿನೊಳಗೆ ಏನೋ ನೋಡುವ ಹಾಗೆ ನಿಲ್ಲುತ್ತಾರಲ್ಲ, ಅದಕ್ಕೆ. ಕೊಡಗಿನ ಸುಂಟಿಕೊಪ್ಪದ ಹತ್ತಿರದ ನಮ್ಮ ದಾರಿಯಲ್ಲಿ ಅಂಗಡಿ ಇಲ್ಲ. ಮೆಣಸಿನ ಬಳ್ಳಿ ಇತ್ತು.

ಬೆನ್ನಿನ ಮೂಳೆಯೊಳಗೆ ನರ ಒತ್ತಿದಾಗಲೂ ನಡೆದರೆ ಕಾಲು ನೋಯುತ್ತೆ. ಆದರೆ ಅಲ್ಲಿ ಸುಮ್ನೆ ನಿಂತರೆ ಸಾಲದು. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಏನಾದರೂ ಹಿಡಿದು ಬಗ್ಗಿ ನಡೆದರೆ ಅವರಿಗೆ ಹಾಯ್ ಅನ್ನಿಸುತ್ತೆ. ಅಪ್ಪ ನೆಟ್ಟಗೆ ನಿಂತು, ತಲೆ ಮೇಲೆತ್ತಿಕೊಂಡೇ ಸುಧಾರಿಸಿಕೊಳ್ಳುತ್ತಿದ್ದರು. ಬರೀ ನಿಂತರೆ ಸಾಕಾ, ಕೂರಬೇಕಾ ಅಂತ ಯಾರಾದರೂ ಕೇಳಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪತ್ತೆ ಆದ ದಿನ ಆ ದೊಡ್ಡ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಐದು ನಿಮಿಷ. ರಕ್ತ ಗಟ್ಟಿಯಾಗದ ಹಾಗೆ ಒಂದು ಮಾತ್ರೆ, ಕೊಬ್ಬಿಗೆ ಸ್ಟ್ಯಾಟಿನ್ ಮಾತ್ರೆ. ಸಿಗರೇಟು ಬಿಡಿ. ಸ್ಟೆಂಟ್ ಈಗ ಬೇಡ, ಮೂರು ತಿಂಗಳು ನೋಡೋಣ. ಇವೆಲ್ಲ ಸರಿಯಾದ ಮಾತುಗಳೇ. ಕೊನೆಗೆ, ಮುಂದಿನ ಪೇಷೆಂಟ್ ಒಳಗೆ ಬರುತ್ತಿರುವಾಗ, "ಚೆನ್ನಾಗಿ ವಾಕಿಂಗ್ ಮಾಡಿ" ಅಂದರು.

ನನ್ನ ಬೇಜಾರು ಇರುವುದು ಈ ಕೊನೆಯ ಮಾತಿನಲ್ಲಿ. ಎಷ್ಟು ನಡೆಯಬೇಕು? ನೋವು ಬಂದರೆ ನಿಲ್ಲಬೇಕಾ, ಮುಂದುವರಿಯಬೇಕಾ? ವಾರಕ್ಕೆ ಎಷ್ಟು ದಿನ? ಎಲ್ಲಿ? ಮಾತ್ರೆ ಬರೆಯುವಾಗ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಬರೆಯುತ್ತಾರೆ. ಈ ಕಾಯಿಲೆಗೆ ನಡಿಗೆಯೂ ಔಷಧಿಯೇ. ಅದಕ್ಕೆ ಯಾಕೆ ಅಳತೆ ಬರೆಯುವುದಿಲ್ಲ?

ಅಪ್ಪ ಮನೆಗೆ ಬಂದು ತಮಗೆ ತಿಳಿದ ಹಾಗೆ ಮಾಡಿದರು. ನೋವು ಶುರುವಾದ ತಕ್ಷಣ ನಿಂತರು, ವಾಪಸ್ ಬಂದರು, ಕೂತರು. ಕಾಲು ನೋಯುತ್ತಿದೆ ಎಂದರೆ ಕಾಲು ಹಾಳಾಗುತ್ತಿದೆ ಅಂತ ಅವರು ಅಂದುಕೊಂಡಿದ್ದರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ? ಎರಡು ವಾರದಲ್ಲಿ ಗೇಟಿನಿಂದ ಆಚೆ ಹೋಗುವುದೇ ನಿಂತಿತು.

ನಾನು ಓದತೊಡಗಿದ್ದು ಆಗ. ಈ ನೋವಿಗೆ ನಡಿಗೆಯನ್ನು ಮೂರು ರೀತಿಯಲ್ಲಿ ಕೊಡುತ್ತಾರೆ. ಒಂದು, ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ, ಪಕ್ಕದಲ್ಲಿ ತರಬೇತಿಯಾದವರು ನಿಂತು ಮಾಡಿಸುವುದು. ಎರಡು, ಲೆಕ್ಕ ಬರೆದು ಕೊಟ್ಟು ಮನೆಯಲ್ಲಿ ಮಾಡಿಸುವುದು, ಆಗಾಗ ವಿಚಾರಿಸುವುದು. ಮೂರು, ನಮಗೆ ಸಿಕ್ಕಿದ್ದು, ಬರೀ ಬಾಯಿಮಾತು. ಈ ಮೂರನ್ನೂ ಹೋಲಿಸಿದ 21 ಅಧ್ಯಯನಗಳನ್ನು, ಸುಮಾರು 1,400 ರೋಗಿಗಳ ಲೆಕ್ಕವನ್ನು, ಕಾಕ್ರೇನ್ ಸಂಸ್ಥೆಯವರು 2018ರಲ್ಲಿ ಒಟ್ಟುಗೂಡಿಸಿ ನೋಡಿದ್ದಾರೆ. ಮೂರು ತಿಂಗಳ ಹೊತ್ತಿಗೆ, ಪಕ್ಕದಲ್ಲಿ ನಿಂತು ಮಾಡಿಸಿದವರು ಮನೆಯಲ್ಲಿ ಮಾಡಿದವರಿಗಿಂತ ಸುಮಾರು 120 ಮೀಟರ್ ಜಾಸ್ತಿ ನಡೆಯುತ್ತಿದ್ದರು. ಬರೀ ಬಾಯಿಮಾತು ಕೇಳಿಸಿಕೊಂಡವರಿಗಿಂತ ಸುಮಾರು 210 ಮೀಟರ್ ಜಾಸ್ತಿ.

210 ಮೀಟರ್ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ನಮ್ಮ ಗೇಟಿನಿಂದ ಬಸ್ ಸ್ಟಾಪಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅಪ್ಪ ಒಬ್ಬರೇ ಮಡಿಕೇರಿಗೆ ಹೋಗಿ ಬರಬಲ್ಲರೋ ಇಲ್ಲವೋ ಅನ್ನುವುದು ಆ 210 ಮೀಟರಿನಲ್ಲಿದೆ.

ಹಾಗಾದರೆ ಮೊದಲನೆಯ ರೀತಿಯೇ ಮಾಡಿಸಬೇಕಿತ್ತು. ವಾರಕ್ಕೆ ಮೂರು ದಿನ, ಕಡಿಮೆ ಅಂದರೂ 12 ವಾರ. ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ವಿಮೆ 2017ರಿಂದ ಇದಕ್ಕೆ, ಅಂದರೆ 12 ವಾರದಲ್ಲಿ 36 ಸಲದ ತರಬೇತಿಗೆ, ಹಣ ಕೊಡುತ್ತದೆ. ನಮಗೆ ಇದನ್ನು ಮಾಡಿಸುತ್ತೇವೆ ಅಂದವರು ಸಿಕ್ಕಿದ್ದು ಮೈಸೂರಿನಲ್ಲಿ. ನಮ್ಮಿಂದ ನೂರು ಕಿಲೋಮೀಟರಿಗೂ ಜಾಸ್ತಿ. ರೈಲು ಕೊಡಗಿಗೆ ಬಂದೇ ಇಲ್ಲ. ಬಸ್ಸಿನಲ್ಲಿ ಹೋಗಿ ಬಂದು, ನಡುವೆ ಒಂದು ಗಂಟೆ ನಡೆದು, ಒಂದು ದಿನ ಬಿಟ್ಟು ಮತ್ತೆ ಹೊರಡುವುದು 68 ವರ್ಷದ ಮನುಷ್ಯನಿಗೆ ಆಗುವ ಮಾತಲ್ಲ.

ಮನೆಯ ಸುತ್ತ ನಡೆಯೋಣ ಅಂದರೆ ಇದು ಕೊಡಗು. ಗೇಟಿನಿಂದ ಹೊರಗೆ ಬಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಏರಿನಲ್ಲಿ ಮೀನಖಂಡಕ್ಕೆ ಕೆಲಸ ಜಾಸ್ತಿ, ನೋವು ಬೇಗ ಬರುತ್ತೆ. ಇವತ್ತು ಏರಿನಲ್ಲಿ 100 ಹೆಜ್ಜೆ, ನಾಳೆ ಇಳಿಜಾರಿನಲ್ಲಿ 300 ಹೆಜ್ಜೆ ನಡೆದರೆ ಮೇಲಾಗುತ್ತಿದೆಯೋ ಕೆಳಗಾಗುತ್ತಿದೆಯೋ ಹೇಗೆ ಗೊತ್ತಾಗಬೇಕು? ಟ್ರೆಡ್‌ಮಿಲ್ಲಿನ ದೊಡ್ಡ ಗುಣವೇ ಅದು, ಪ್ರತಿದಿನ ಒಂದೇ ಅಳತೆ. ಇನ್ನು ಬೆಳಗಿನ ಜಾವ ರಸ್ತೆಗೆ ಇಳಿದರೆ ಆನೆಯ ಭಯ. ಮಳೆಗಾಲದ ಮಾತಂತೂ ಬೇಡ.

ದಾರಿ ತೋರಿಸಿದ್ದು ಮಡಿಕೇರಿಯ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಅವಳು ಮೊದಲು ಅಪ್ಪನ ಇಸಿಜಿ ತರಿಸಿ, ಹೃದಯದ ಡಾಕ್ಟರ ಒಪ್ಪಿಗೆ ಕೇಳಿದಳು. ಕಾಲಿನ ನಾಳ ಕಟ್ಟಿದವರಿಗೆ ಹೃದಯದ ನಾಳವೂ ಕಟ್ಟಿರುವ ಸಾಧ್ಯತೆ ಜಾಸ್ತಿ, ಹಾಗಾಗಿ ಇದನ್ನು ಬಿಡಬಾರದು. ಆಮೇಲೆ ಪಾದ ಎತ್ತಿ ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಕೇಳಿದಳು, "ಅಂಕಲ್, ನಿಮ್ಮ ಊರಲ್ಲಿ ಸಮತಟ್ಟಾದ ಜಾಗ ಎಲ್ಲಿದೆ?"

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಕಾಫಿ ಕಣ" ಅಂದರು.

ನನಗೆ ಅದು ಹೊಳೆದಿರಲೇ ಇಲ್ಲ. ಗುಡ್ಡದ ಊರಿನಲ್ಲಿ ಮಟ್ಟ ಹಿಡಿದು, ಸಿಮೆಂಟ್ ಹಾಕಿ, ಒಂದು ಕಡೆಯೂ ನೀರು ನಿಲ್ಲದ ಹಾಗೆ ಮಾಡಿದ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಏಪ್ರಿಲ್ ತಿಂಗಳು. ಒಣಗಿದ ಕಾಫಿ ಚೀಲ ಸೇರಿತ್ತು, ಪಕ್ಕದ ತೋಟದ ಕಣ ಖಾಲಿ ಬಿದ್ದಿತ್ತು. ಓನರ್ ಹತ್ತಿರ ಕೇಳಿದ್ದಕ್ಕೆ, "ಅದಕ್ಕೇನು ಕೇಳುವುದು ರೈಟ್ರೇ, ಬನ್ನಿ" ಅಂದರು. ಗುಂಡಿ ತೆಗೆಯುವಾಗ ಹಿಡಿಯುವ ಅಳತೆಯ ಟೇಪು ತಂದು ಸುತ್ತಲೂ ಅಳೆದೆವು. ಒಂದು ಸುತ್ತಿಗೆ 92 ಮೀಟರ್.

ಅವಳು ಬರೆದು ಕೊಟ್ಟ ಕ್ರಮ ಹೀಗಿತ್ತು. ನೋವಿಗೆ 1ರಿಂದ 5ರವರೆಗೆ ಅಂಕ. ನೋವೇ ಇಲ್ಲದಿದ್ದರೆ 1, ತಡೆಯಲಾರದ್ದು 5. ಮೂರರಿಂದ ಐದು ನಿಮಿಷದೊಳಗೆ ನೋವು ಶುರುವಾಗುವಷ್ಟು ವೇಗದಲ್ಲಿ ನಡೆಯಬೇಕು. ಶುರುವಾದಾಗ ನಿಲ್ಲಬಾರದು. 3 ಅಥವಾ 4ಕ್ಕೆ ಬರುವ ತನಕ ಮುಂದುವರಿಸಬೇಕು. ಆಗ ಕೂರಬೇಕು, ನೋವು ಪೂರ್ತಿ ಹೋಗುವ ತನಕ. ಹೋದ ಮೇಲೆ ಮತ್ತೆ ಎದ್ದು ನಡಿಗೆ. ವಿಶ್ರಾಂತಿಯೂ ಸೇರಿ ಮೊದಲು 30 ನಿಮಿಷ, ನಿಧಾನವಾಗಿ 50ರವರೆಗೆ. ವಾರಕ್ಕೆ ಮೂರು ದಿನ ತಪ್ಪಿಸುವ ಹಾಗಿಲ್ಲ.

ನೋವಿನೊಳಗೆ ನಡೆಯಬೇಕು ಅನ್ನುವುದೇ ಅಪ್ಪನಿಗೂ ಅಮ್ಮನಿಗೂ ನುಂಗಲಾರದ ತುತ್ತಾಯಿತು. "ನೋಯುತ್ತಿದ್ದರೆ ಯಾಕೆ ನಡೆಸಬೇಕು ಅವರನ್ನ?" ಅಂತ ಅಮ್ಮ ನನ್ನನ್ನೇ ಬೈದಳು. ನಾನು ಓದಿದ್ದನ್ನು ಹೇಳಿದೆ. 2021ರಲ್ಲಿ ಅಮೆರಿಕದಲ್ಲಿ 305 ಜನರ ಮೇಲೆ, ಮನೆಯಲ್ಲೇ ನಡೆಯುವುದರ ಬಗ್ಗೆ 12 ತಿಂಗಳು ಮಾಡಿದ ಅಧ್ಯಯನ ಒಂದು ಪ್ರಕಟವಾಯಿತು. ನೋವು ಬರಿಸಿಕೊಂಡು ನಡೆದವರು ವರ್ಷದ ಕೊನೆಗೆ ಆರು ನಿಮಿಷದಲ್ಲಿ ಸುಮಾರು 34 ಮೀಟರ್ ಜಾಸ್ತಿ ನಡೆದರು. ನೋವು ಬಾರದ ಹಾಗೆ ಹಾಯಾಗಿ ನಡೆದವರು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಈ ನೋವಿನಲ್ಲಿ ಸ್ನಾಯು ಸಾಯುತ್ತಿಲ್ಲ, ಕಲಿಯುತ್ತಿದೆ. ಸಿಕ್ಕ ಸ್ವಲ್ಪ ರಕ್ತದಿಂದ ಜಾಸ್ತಿ ಕೆಲಸ ತೆಗೆಯುವುದನ್ನು ಕಲಿಯುತ್ತಿದೆ.

ಆದರೆ ಇದು ನಿಂತರೆ ಹೋಗುವ ನೋವಿಗೆ ಮಾತ್ರ. ಮಲಗಿದಾಗಲೂ ಪಾದ ಉರಿಯುತ್ತಿದ್ದರೆ, ರಾತ್ರಿ ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಮಾಧಾನ ಆಗುತ್ತಿದ್ದರೆ, ಬೆರಳಿನ ಗಾಯ ಮಾಯದಿದ್ದರೆ, ಕಪ್ಪಾಗುತ್ತಿದ್ದರೆ, ವಾಕಿಂಗ್ ಮಾಡುತ್ತಾ ಕೂರಬೇಡಿ, ರಕ್ತನಾಳದ ಡಾಕ್ಟರ ಹತ್ತಿರ ಬೇಗ ಹೋಗಿ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಅವತ್ತೇ, ಆ ಗಂಟೆಯೇ ಹೊರಡಬೇಕು. ನಮ್ಮ ಊರುಗಳಿಂದ ಆಸ್ಪತ್ರೆ ದೂರ, ಹಾಗಾಗಿ ಬೆಳಗಾಗಲಿ ಅಂತ ಕಾಯುವ ಅಭ್ಯಾಸ ಇದೆ. ಈ ವಿಷಯದಲ್ಲಿ ಕಾಯಬೇಡಿ.

ಮೊದಲ ದಿನ ಕಣದಲ್ಲಿ ಅಮ್ಮ ಜೊತೆಗೆ ನಡೆದಳು. ಎರಡನೇ ಸುತ್ತಿನ ಕೊನೆಗೆ ಅಪ್ಪ "2" ಅಂದರು. ಮೂರನೇ ಸುತ್ತಿನಲ್ಲಿ ಮಾತು ನಿಂತಿತು. ಎಡಗಾಲು ಸ್ವಲ್ಪ ಎಳೆಯತೊಡಗಿತು. ಮೂರು ಮುಗಿದು ಹತ್ತು ಹೆಜ್ಜೆಗೆ "4" ಅಂದು, ಅಂಚಿನ ಕಟ್ಟೆಯ ಮೇಲೆ ಕೂತರು. ಪಂಚೆ ಮೇಲೆ ಮಾಡಿದಾಗ ಮೀನಖಂಡ ಗಟ್ಟಿಯಾಗಿ ಗಂಟು ಕಟ್ಟಿದ್ದು ಕಾಣುತ್ತಿತ್ತು. ಅಮ್ಮ ಅದರ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಳು. ಕೈ ಕೆಳಗೆ ಅದು ಮೆತ್ತಗಾದದ್ದು ಅವಳಿಗೇ ಮೊದಲು ಗೊತ್ತಾಯಿತು. "ನೋಡಿ, ಹೋಯಿತು. ಏಳಿ, ಇನ್ನೊಂದು ಸುತ್ತು" ಅಂದಳು. ನನ್ನನ್ನು ಬೈದಿದ್ದವಳೇ ಅವಳು.

ಎರಡನೇ ವಾರ ಅಪ್ಪ ಅಟ್ಟದಿಂದ ಒಂದು ಹಳೆಯ ಚೆಕ್‌ರೋಲ್ ಪುಸ್ತಕ ಇಳಿಸಿದರು. 38 ವರ್ಷ ಆಳುಗಳ ಹಾಜರಿ ಬರೆದ ಕೈ. ಮೊದಲ ಸಾಲಿನಲ್ಲಿ ತಮ್ಮದೇ ಹೆಸರು ಬರೆದು, ಪಕ್ಕದ ಅಂಕಣಗಳಲ್ಲಿ ತಾರೀಕು, ಸುತ್ತು, ಕೂತದ್ದು, ನೋವು. ಬಾರದ ದಿನಕ್ಕೆ ಸೊನ್ನೆ. ಸೊನ್ನೆ ಬರೆಯುವುದು ಅವರಿಗೆ ಯಾವತ್ತೂ ಇಷ್ಟವಿಲ್ಲ.

ಪ್ರತಿ ಶುಕ್ರವಾರ ಮಡಿಕೇರಿ ಸಂತೆ. ಅವತ್ತು ಆ ಪುಸ್ತಕ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿ ಫಿಸಿಯೋ ಹತ್ತಿರ ಹೋಗುವುದು. ಅವಳು ಬೆರಳು ಇಟ್ಟು ಪ್ರತಿ ಸಾಲು ಓದುತ್ತಾಳೆ. "ಮಂಗಳವಾರ ಯಾಕೆ ಸೊನ್ನೆ ಅಂಕಲ್?" ಅಂತ ಕೇಳುತ್ತಾಳೆ. ಮದುವೆಗೆ ಹೋಗಿದ್ದೆ ಅಂದರೆ ಒಪ್ಪುತ್ತಾಳೆ, ಮನಸ್ಸಾಗಲಿಲ್ಲ ಅಂದರೆ ಒಪ್ಪುವುದಿಲ್ಲ. ಈ ವಾರಕ್ಕೊಂದು ಭೇಟಿಯೇ ನಮ್ಮ ಕೈ ಹಿಡಿಯಿತು ಅಂತ ನನ್ನ ನಂಬಿಕೆ. ಹೆಜ್ಜೆ ಎಣಿಸುವ ಸಣ್ಣ ಯಂತ್ರ ಕೊಟ್ಟು ಹೆಚ್ಚಾಗಿ ಫೋನಿನಲ್ಲೇ ವಿಚಾರಿಸಿದ ಒಂದು ಅಧ್ಯಯನ 2018ರಲ್ಲಿ ಬಂತು, 200 ಜನ, ಒಂಬತ್ತು ತಿಂಗಳು. ಅವರ ನಡಿಗೆ ಸುಧಾರಿಸಲಿಲ್ಲ. ಅದಕ್ಕೂ ಮುಂಚೆ, 2013ರದ್ದರಲ್ಲಿ, ಜನ ಮನೆಯಲ್ಲಿ ನಡೆದು ವಾರಕ್ಕೊಮ್ಮೆ ಗುಂಪಾಗಿ ಸೇರುತ್ತಿದ್ದರು. ಆರು ತಿಂಗಳಿಗೆ ಅವರು, ಆರು ನಿಮಿಷದ ನಡಿಗೆಯಲ್ಲಿ, ಈ ತರಬೇತಿ ಇಲ್ಲದ ಗುಂಪಿಗಿಂತ 50 ಮೀಟರಿಗೂ ಮಿಕ್ಕಿ ಮುಂದಿದ್ದರು. ಯಂತ್ರ ಎಣಿಸಬಲ್ಲದು. ಸೊನ್ನೆ ಯಾಕೆ ಅಂತ ಎದುರು ಕೂತು ಕೇಳಲು ಮನುಷ್ಯರೇ ಬೇಕು. ಮೈಸೂರಿನ ಟ್ರೆಡ್‌ಮಿಲ್ ನಮಗೆ ಎಟುಕದಿದ್ದರೂ, ವಾರಕ್ಕೊಮ್ಮೆ ಕೇಳುವ ಒಬ್ಬರು 15 ಕಿಲೋಮೀಟರ್ ಆಚೆ ಸಿಕ್ಕರು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಅಂಥ ಒಬ್ಬರು ಇದ್ದರೆ ಎಷ್ಟು ಕಾಲುಗಳು ಗೇಟು ದಾಟಬಹುದು!

ಸಿಗರೇಟಿನ ಕಥೆ ಉದ್ದ ಬೇಡ. ಪ್ಯಾಕೆಟ್ ಮೇಲೆಯೇ ಒಂದು ನಂಬರ್ ಇರುತ್ತೆ, 1800-11-2356. ಅಪ್ಪ ಮಾಡಿದರು. ಎರಡು ಸಲ ಜಾರಿದರು, ಮೂರನೇ ಸಲ ಬಿಟ್ಟರು. ಇದನ್ನು ಬಿಡದೆ ಎಷ್ಟು ಸುತ್ತು ಹೊಡೆದರೂ ನಾಳ ಕಿರಿದಾಗುತ್ತಲೇ ಹೋಗುತ್ತೆ.

ಜೂನ್ ಬಂತು. ಕಣದಲ್ಲಿ ಪಾಚಿ ಕಟ್ಟಿತು, ಜಾರಿದರೆ ಸೊಂಟ ಮುರಿಯುತ್ತೆ. ನಡಿಗೆ ಗೋದಾಮಿಗೆ ಹೋಯಿತು. ಕಾಫಿ ಮಾರಿ ಖಾಲಿಯಾಗಿದ್ದ ಗೋದಾಮು, ಒಂದು ಗೋಡೆಯಿಂದ ಇನ್ನೊಂದಕ್ಕೆ 30 ಹೆಜ್ಜೆ. ಹೆಂಚಿನ ಮೇಲೆ ಮಳೆಯ ಸದ್ದಿನಲ್ಲಿ ಅಮ್ಮ ಕೂಗಿ ಎಣಿಸಬೇಕಾಗುತ್ತಿತ್ತು. ಅಲ್ಲಿಗೆ ಹೋಗಿ ಬರುವ ಹುಲ್ಲಿನ ದಾರಿಯಲ್ಲಿ ಜಿಗಣೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಜಿಗಣೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಒತ್ತಿ ಹಿಡಿಯಬೇಕು. ಮನೆಗೆ ಬಂದು ಪಾದ ತೊಳೆದು, ಸಂದಿಯಲ್ಲಿ ನೀರಿಲ್ಲದ ಹಾಗೆ ಒರೆಸಿ ನೋಡುವುದು ಅಮ್ಮನ ಕೆಲಸ. ಚಳಿಗೆ ಒಲೆಯ ಮುಂದೆ ಕಾಲು ಚಾಚುವುದನ್ನು ಮಾತ್ರ ಕಡ್ಡಾಯವಾಗಿ ನಿಲ್ಲಿಸಿದೆವು. ರಕ್ತ ಕಡಿಮೆ ಇರುವ ಕಾಲಿಗೆ ಸುಟ್ಟರೆ ಆ ಗಾಯ ಸುಲಭಕ್ಕೆ ಮಾಯುವುದಿಲ್ಲ. ಉಣ್ಣೆಯ ಸಡಿಲ ಕಾಲುಚೀಲ ಸಾಕು.

12 ವಾರ ಮುಗಿದಾಗ ಮತ್ತೆ ಒತ್ತಡ ನೋಡಿದರು. 0.60. ನನಗೆ ಎದೆ ಧಸಕ್ಕೆಂದಿತು. ಇಷ್ಟು ಮಾಡಿಯೂ ಇಷ್ಟೇನಾ? ಫಿಸಿಯೋ ನಕ್ಕಳು. ಆ ಸಂಖ್ಯೆ ನಡಿಗೆಯಿಂದ ಹೆಚ್ಚು ಬದಲಾಗುವುದಿಲ್ಲ ಅಕ್ಕಾ, ನಾಳದ ಕೆಸರು ಹಾಗೇ ಇದೆ, ಬದಲಾದದ್ದು ಸ್ನಾಯು ಅಂದಳು. ಚೆಕ್‌ರೋಲ್ ತಿರುವಿ ತೋರಿಸಿದಳು. ಏಪ್ರಿಲ್‌ನಲ್ಲಿ ಮೂರು ಸುತ್ತಿಗೆ ಕೂರುತ್ತಿದ್ದವರು, ಮಳೆ ಬಿಟ್ಟ ಒಂದು ದಿನ ಕಣದಲ್ಲಿ ಆರು ಸುತ್ತು ಒಂದೇ ಸಮನೆ ನಡೆದಿದ್ದರು. ಸುಮಾರು 550 ಮೀಟರ್. ಸ್ಟೆಂಟ್ ಮಾತು ಸದ್ಯಕ್ಕೆ ಬೇಡ ಅಂತ ಡಾಕ್ಟರ್ ಅಂದರು. ನಡಿಗೆ ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತೆ, ಆದ್ದರಿಂದ ಪುಸ್ತಕ ಮುಚ್ಚಲಿಲ್ಲ. ಈಗ ಕಣದಿಂದ ಗೇಟಿನವರೆಗಿನ ಸಣ್ಣ ಏರನ್ನೂ ಸೇರಿಸಿಕೊಂಡಿದ್ದಾರೆ. ಟ್ರೆಡ್‌ಮಿಲ್ಲಿನಲ್ಲಿ ಗುಂಡಿ ಒತ್ತಿ ಏರಿಸುವುದನ್ನು ಇಲ್ಲಿ ಗುಡ್ಡವೇ ಮಾಡಿಕೊಡುತ್ತೆ.

ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹಣ್ಣು ಹರಡಿದರು. ನಡಿಗೆ ಎಲ್ಲಿ ಅಂತ ನಾವು ಯೋಚನೆಯಲ್ಲಿದ್ದರೆ, ಹಣ್ಣು ಹರಡುವ ಆಳುಗಳೇ ಅಂಚಿನಲ್ಲಿ ಎರಡಡಿ ಅಗಲದ ದಾರಿ ಬಿಟ್ಟಿದ್ದರು. ಅಪ್ಪ ಆ ದಾರಿಯಲ್ಲಿ ಸುತ್ತುತ್ತಿದ್ದಾಗ, ಆಳುಗಳ ಲೈನ್ ಮನೆಯ ಒಬ್ಬರು ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂತು ಎರಡು ಕೈಯಲ್ಲೂ ಮೀನಖಂಡ ಹಿಸುಕುತ್ತಿದ್ದರು. ವಯಸ್ಸು ಐವತ್ತು ದಾಟಿಲ್ಲ, ಕಿವಿಯ ಮೇಲೆ ಬೀಡಿ. ಅಪ್ಪ ಅವರ ಮುಂದೆ ನಿಂತು ಕೇಳಿದರು, "ನಿಂತರೆ ಸರಿ ಹೋಗುತ್ತಾ?"

ಆ ಶುಕ್ರವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಮಡಿಕೇರಿಗೆ ಹೋದರು. ಅವರ ಕಾಲಿನ ಒತ್ತಡ ಅಳೆಸಿ, ಡಾಕ್ಟರಿಗೆ ತೋರಿಸಿ, ಮುಂದಿನ ವಾರ ಒಪ್ಪಿಗೆ ಸಿಕ್ಕ ಮೇಲೆ, ಅಪ್ಪ ಚೆಕ್‌ರೋಲಿನ ಎರಡನೇ ಸಾಲಿನಲ್ಲಿ ಅವರ ಹೆಸರು ಬರೆದರು.